ಆನೆ ದಾಟಿದ ಮೇಲೆ ಕೂಗಿದ ಸೈರನ್

"ಆನೆ ರಸ್ತೆ ದಾಟಿದ್ಮ್ಯಾಲೆ ಕೂಗ್ತು ಕಣೇ ನಿನ್ ಸೈರನ್ನು!"

ಬೆಳಿಗ್ಗೆ ಫೋನ್ ಮಾಡಿ ಅಕ್ಕ ಮೊದಲು ಹೇಳಿದ ಮಾತು ಇದು. ನಗ್ತಾನೇ ಹೇಳಿದಳು. ಅವಳು ಹಾಗೇ, ಹೆದರಿಕೆ ಜಾಸ್ತಿಯಾದಷ್ಟೂ ನಗು ಜಾಸ್ತಿ. ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯ್ತಾ ನಿಂತಿದ್ದೆ. ಕೈಯಲ್ಲಿ ಇಡ್ಲಿ ಪೊಟ್ಟಣ ಇತ್ತು, ತಿನ್ನೋಕೆ ಮನಸ್ಸಾಗಲಿಲ್ಲ.

ಅಕ್ಕ ಕಾಮಸಮುದ್ರದ ಹತ್ತಿರದ ಪಂಚಾಯ್ತಿಯಲ್ಲಿ ಕಸದ ಗಾಡಿ ಓಡಿಸ್ತಾಳೆ. ಮುಂದೆ ಮೈಕು, ಹಿಂದೆ ಹಸಿ ಕಸ ಒಣ ಕಸ ಅಂತ ಎರಡು ಪಾಲು. ಬೆಳಕು ಹರಿಯೋ ಹೊತ್ತಿಗೆ ಗಾಡಿ ತೆಗೆದು ಊರೂರು ಸುತ್ತಬೇಕು, ಆ ದಾರಿ ಅರ್ಧ ಕಾಡಂಚಿನಲ್ಲೇ. ಅವತ್ತು ಕೆರೆ ಏರಿ ಮೇಲೆ ಹೋಗ್ತಿದ್ದಾಗ ಎದುರಿನ ಹುಣಸೆ ಮರ ಅಲ್ಲಾಡಿತಂತೆ. ಗಾಳಿ ಅಂದುಕೊಂಡಳಂತೆ. ಮರದ ಹಿಂದಿನಿಂದ ಒಂದೊಂದೇ ಇಳಿದು ಬಂದವು, ಮರಿ ಸಮೇತ. ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಕೆಳಗೆ ಮುದುರಿ ಕೂತಳು. ಗುಂಪು ರಸ್ತೆ ದಾಟಿ ಕೆರೆಯಂಗಳದ ಜಾಲಿ ಪೊದೆಯೊಳಗೆ ಸೇರಿಕೊಂಡಿತು. ಆಮೇಲೆ ಅವಳು ಎದ್ದು ಕೂತು, ನೀರು ಕುಡಿದು, ಮುಖ ಒರೆಸಿಕೊಂಡ ಮೇಲೆ ಊರಿನ ಸೈರನ್ ಕೂಗಿತು.

"ಸೈರನ್ ಕೂಗಿಲ್ವಲ್ಲಾ, ಇನ್ನೇನು ಅಂತ ಧೈರ್ಯವಾಗಿ ಗಾಡಿ ತಗ್ದೆ ಕಣೇ," ಅಂದಳು.

ಇಡ್ಲಿ ಪೊಟ್ಟಣ ಬ್ಯಾಗಿಗೆ ತುರುಕಿದೆ. ಊರಿಗೆ ಈ ಸೈರನ್ ಬರೋಕೆ ಮುಂಚೆ ಅವಳು ಹಾಗೆ ಗಾಡಿ ತೆಗೀತಿರಲಿಲ್ಲ. ನಾಯಿ ಬೊಗಳೋದು ಕೇಳ್ತಿದ್ದಳು, ಹಾಲು ಹಾಕೋಕೆ ಬಂದವರನ್ನ ವಿಚಾರಿಸ್ತಿದ್ದಳು, ಏರಿ ಹತ್ತೋಕೆ ಮುಂಚೆ ಗಾಡಿ ನಿಲ್ಲಿಸಿ ಕಿವಿಗೊಡ್ತಿದ್ದಳು. ಈಗ ಇಡೀ ಊರಿಗೆ ಊರೇ ಒಂದು ಸದ್ದಿಗೆ ಕಾಯ್ತದೆ. ಆ ಸದ್ದು ನಮ್ಮ ಜವಾಬ್ದಾರಿ.

ನಮ್ಮದು ದೊಡ್ಡ ಕಂಪನಿಯೇನಲ್ಲ. ಊರಿಗಾಂನ ಒಂದು ಹಳೇ ಕಟ್ಟಡದಲ್ಲಿ ಒಂದು ರೂಮು, ಅದರಲ್ಲಿ ನಾನು ಮತ್ತು ನಮ್ಮ ಸೀನಿಯರ್. ಮಾಲೀಕರು ಬೆಂಗಳೂರಲ್ಲಿ, ಫೋನಲ್ಲಿ ಮಾತ್ರ ಸಿಗ್ತಾರೆ. ಕಾಡಂಚಿನ ಅಟ್ಟಣೆಗಳಲ್ಲಿ ಕಾವಲುಗಾರರಿದ್ದಾರೆ, ಒಬ್ಬೊಬ್ಬರ ಹತ್ತಿರ ಕೆಂಪು ಗುಂಡಿಯ ಒಂದು ಡಬ್ಬ. ಆನೆ ಕಂಡರೆ ಗುಂಡಿ ಒತ್ತಬೇಕು. ಆ ಸುದ್ದಿ ರೇಡಿಯೋ ಮೂಲಕ ಗುಡ್ಡದ ಮೇಲಿರೋ ಒಂದು ಪೆಟ್ಟಿಗೆಗೆ ಹೋಗುತ್ತೆ. ಪೆಟ್ಟಿಗೆ ಬದುಕೋದು ಸೋಲಾರ್ ಬ್ಯಾಟರಿ ಮೇಲೆ, ಒಳಗೊಂದು ಸಿಮ್ ಇದೆ. ಅದು ಮೊಬೈಲ್ ನೆಟ್‌ವರ್ಕಿನಲ್ಲಿ ನಮ್ಮ ರೂಮಿನ ಸರ್ವರ್‌ಗೆ ಕಳಿಸುತ್ತೆ, ಸರ್ವರ್ ಊರುಗಳ ಸೈರನ್ ಕೂಗಿಸುತ್ತೆ. ಗುಂಡಿ ಒತ್ತಿದವನು ಕೈ ತೆಗೆಯೋದರೊಳಗೆ ಊರಲ್ಲಿ ಸೈರನ್ ಕೂಗಬೇಕು, ಲೆಕ್ಕ ಅದು.

ರೈಲು ಹತ್ತಿ ಮೊದಲು ಆ ಕೆರೆ ಕಡೆಯ ಅಟ್ಟಣೆಯ ಕಾವಲುಗಾರನಿಗೆ ಫೋನ್ ಮಾಡಿದೆ. ನಿದ್ದೆಗಿದ್ದೆ ಮಾಡಿಬಿಟ್ಟನೇನೋ ಅನ್ನೋ ಅನುಮಾನ ನನಗೆ.

"ದೇವ್ರಾಣೆ ಒತ್ತಿದೀನಿ ಮೇಡಂ. ಸ್ವಾಮಿಗಳು ಇಳಿಯಾದ್ ಕಂಡ್ ತಕ್ಷಣ ಒತ್ದೆ. ಒಂದೇ ಕಿತ ಒತ್ತಿ ಸಾಕು ಅಂತ ನೀವೇ ಏಳಿದ್ರಲ್ಲ?" ಆ ಕಡೆ ಆನೆಯನ್ನ ಆನೆ ಅನ್ನಲ್ಲ ಇವರು, ಸ್ವಾಮಿಗಳು ಅಂತಾರೆ.

"ಈಗೆಲ್ಲಿದ್ದಾರೆ?"

"ಕೆರೆಯಂಗಳದ ಜಾಲಿಯಾಗೇ ಮಲಗವ್ರೆ. ಬಿಸ್ಲು ಇಳೀತಿದ್ದಂಗೆ ಏಳ್ತಾರೆ. ಅದೇ ಏರಿ ಮ್ಯಾಲೇ ವಾಪಸ್ ಬರಾದು."

ಅಂದರೆ ನಮಗೆ ಸಂಜೆ ತನಕ ಟೈಮು. ರೈಲು ಊರಿಗಾಂ ಮುಟ್ಟೋವರೆಗೆ ನನ್ನ ತಲೆಯಲ್ಲಿ ಬೇರೆ ಏನೂ ಓಡಲಿಲ್ಲ.

ಸೀನಿಯರ್ ಆಗಲೇ ಬಂದಿದ್ದರು. ಅವರು ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಬೈಯೋಕೆ ಮಾತ್ರ ತೆಲುಗು. ನಾನು ಹೇಳಿದ್ದೆಲ್ಲ ಕೇಳಿ, "ಪಯಪ್ಪಡಾದೆ ಮಾ, ಹೆದರ್ಬೇಡ," ಅಂದರು. "ದಿನಾ ಸಂಜೆ ಟೆಸ್ಟ್ ಆಗ್ತಾ ಐತಲ್ಲ? ಒತ್ತಿದ ಕೂಡ್ಲೇ ಟಕ್ ಅಂತ ಕೂಗುತ್ತೆ. ಆ ಮನುಷ್ಯ ಲೇಟಾಗಿ ಒತ್ತಿರ್ತಾನೆ."

ದಿನಾ ಸಂಜೆಯ ಟೆಸ್ಟ್ ಅಂದರೇನು ಅಂತ ಹೇಳಬೇಕು. ಕಾವಲುಗಾರರು ಅಟ್ಟಣೆಗೆ ಬಂದರೋ ಇಲ್ಲವೋ ಅಂತ ಹಾಜರಿ ಬೇಕಾಗಿತ್ತು. ಅದಕ್ಕೆ ಬೇರೆ ವ್ಯವಸ್ಥೆ ಯಾಕೆ, ಗುಂಡಿ ಹೇಗೂ ಇದೆಯಲ್ಲ, ಹೊತ್ತು ಹೊತ್ತಿಗೆ ಅದನ್ನೇ ಒತ್ತಲಿ ಅಂತ ಮಾಲೀಕರು ಹೇಳಿದ್ದರು. ಸಂಜೆ ಆರಕ್ಕೆ ಎಲ್ಲರೂ ಒತ್ತುತ್ತಾರೆ. ಆಬ್ಸೆಂಟ್ ಹಾಕಿಬಿಟ್ಟಾರು ಅನ್ನೋ ಭಯಕ್ಕೆ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಒಟ್ಟಿಗೇ ಒತ್ತುತ್ತಾರೆ. ಊರಲ್ಲಿ ಸೈರನ್ ಪೊಂಯ್ ಅನ್ನುತ್ತೆ, ಆರು ಗಂಟೆ ಆಯ್ತು ಅಂತ ಹೆಂಗಸರು ಒಲೆ ಮೇಲೆ ಟೀ ಇಡ್ತಾರೆ. ನಾವೂ ಖುಷಿಯಾಗಿ ಮನೆಗೆ ಹೋಗ್ತೀವಿ.

"ಅಣ್ಣಾ, ಎಲ್ಲರೂ ಒಟ್ಟಿಗೆ ಒತ್ತಿದಾಗ ಕೂಗುತ್ತೆ. ಒಬ್ಬನೇ ಒತ್ತಿದರೆ?"

ಅವರು ಟೀ ಲೋಟ ಕೆಳಗಿಟ್ಟರು. ಎದ್ದು ಹೋಗಿ ಕಪಾಟಿನಿಂದ ಗುಡ್ಡದ ಪೆಟ್ಟಿಗೆಯಂಥದ್ದೇ ಇನ್ನೊಂದು ಪೆಟ್ಟಿಗೆ, ಜೊತೆಗೊಂದು ಗುಂಡಿ ಡಬ್ಬ ತಂದು ಟೇಬಲ್ ಮೇಲಿಟ್ಟು, ಸೈರನ್ ಬದಲು ಒಂದು ಬಜರ್ ಸಿಕ್ಕಿಸಿದರು.

ನಾನು ಗುಂಡಿ ಒಂದೇ ಸಲ ಒತ್ತಿದೆ.

ಏನೂ ಇಲ್ಲ. ಫ್ಯಾನ್ ತಿರುಗೋ ಸದ್ದು. ಹೊರಗೆ ಯಾರೋ ಸ್ಕೂಟರ್ ಒದೀತಿದ್ದರು. ಇಬ್ಬರೂ ಬಜರ್ ಕಡೆ ನೋಡ್ತಾ ಕೂತೆವು. ಅಕ್ಕ ಸ್ಟೀರಿಂಗ್ ಕೆಳಗೆ ಕೂತಿದ್ದು, ಮೊದಲನೆಯದು ದಾಟಿದ್ದು, ಎರಡನೆಯದು, ಮರಿ, ಎಲ್ಲ ಕಣ್ಣ ಮುಂದೆ ಬಂತು. ಆ ಗುಂಪೆಲ್ಲ ನಿಧಾನಕ್ಕೆ ದಾಟಿ ಹೋಗಿರಬಹುದು ಅನ್ನೋಷ್ಟು ಹೊತ್ತಾದ ಮೇಲೆ ಬಜರ್ ಕಿರುಚಿತು. ನಾನು ಕುರ್ಚಿಯಿಂದ ಎಗರಿಬಿದ್ದೆ. ಇನ್ನೊಂದು ಸಲ, ಈಗ ಟಕಟಕ ಅಂತ ಮೇಲಿಂದ ಮೇಲೆ ಒತ್ತಿ ನೋಡಿದೆ. ಬಜರ್ ತಕ್ಷಣ ಕೂಗಿತು.

"ಕಡವುಳೇ, ದೇವ್ರೇ," ಅಂದರು ಸೀನಿಯರ್, ಮೆಲ್ಲಗೆ. ಆಮೇಲೆ ತೆಲುಗಿನಲ್ಲಿ ಒಂದು ಮಾತು ಬೈದರು, ತಮಗೇ.

ಅದು ಅವರೇ ಬರೆದದ್ದು. ಹಿಂದಿನ ಮಳೆಗಾಲದಲ್ಲಿ ಬಿಸಿಲಿಲ್ಲದೆ ಗುಡ್ಡದ ಪೆಟ್ಟಿಗೆಯ ಬ್ಯಾಟರಿ ಮತ್ತೆ ಮತ್ತೆ ಸಾಯ್ತಿತ್ತು. ಒಂದೊಂದು ಪುಟ್ಟ ಸುದ್ದಿಗೂ ಮೊಬೈಲ್ ನೆಟ್‌ವರ್ಕನ್ನ ಎಬ್ಬಿಸಿ ಕಳಿಸೋದು ಬ್ಯಾಟರಿಗೆ ಭಾರ. ಅದಕ್ಕೆ ಅವರು ಪೆಟ್ಟಿಗೆಗೆ ಒಂದು ಬುದ್ಧಿ ಕಲಿಸಿದರು: ಬಂದ ಸುದ್ದಿಯನ್ನ ಆಗಿಂದಾಗಲೇ ಕಳಿಸಬೇಡ, ಹಿಡಿದಿಟ್ಟುಕೋ. ಒಂದು ಹೊರೆ ತುಂಬಿದರೆ ಕಳಿಸು. ತುಂಬದಿದ್ದರೆ, ಹಿಂದೆ ಕಳಿಸಿದ್ದಕ್ಕೆ ಸರ್ವರ್‌ನಿಂದ 'ತಲುಪಿತು' ಅಂತ ಉತ್ತರ ಬಂದ ಮೇಲೆ ಕಳಿಸು. ಬಂಗಾರಪೇಟೆ ಸ್ಟೇಷನ್ ಮುಂದಿನ ಶೇರ್ ಆಟೋ ಸೀಟು ತುಂಬದೆ ಹೊರಡಲ್ಲವಲ್ಲ, ಹಾಗೆ. ಬ್ಯಾಟರಿ ಉಳಿಯಿತು. ಮಾಲೀಕರು ಶಭಾಷ್ ಅಂದಿದ್ದರು.

ನಮ್ಮ ಸರ್ವರ್‌ನಲ್ಲಿ ಇನ್ನೊಂದು ಉಳಿತಾಯ ಮೊದಲಿಂದಲೂ ಇತ್ತು, ಮುಂಚೆ ಇದ್ದವರು ಯಾರೋ ಹಾಕಿದ್ದು. 'ತಲುಪಿತು' ಅಂತ ತಕ್ಷಣ ಹೇಳಬೇಡ, ಸ್ವಲ್ಪ ಕಾದು ನೋಡು, ಇನ್ನೊಂದು ಸುದ್ದಿ ಬಂದರೆ ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡು ಅಂತ. ಒಂದೊಂದೇ ನೋಡಿದರೆ ಎರಡೂ ಒಳ್ಳೇ ಬುದ್ಧಿಯೇ. ಆದರೆ ಒಂದು ಸಲ ಗುಂಡಿ ಒತ್ತಿದರೆ ಹೋಗೋದು ಎರಡು ತುಂಡು, ಮೊದಲು ಅಟ್ಟಣೆಯ ನಂಬರು, ಆಮೇಲೆ ಗುಂಡಿ ಒತ್ತಿದ ಸುದ್ದಿ. ಎರಡೂ ಉಳಿತಾಯ ಸೇರಿದಾಗ? ಉತ್ತರ ಬರಲಿ, ಕಳಿಸ್ತೀನಿ ಅಂತ ಗುಡ್ಡದ ಪೆಟ್ಟಿಗೆ. ಇನ್ನೊಂದು ಸುದ್ದಿ ಬರಲಿ, ಉತ್ತರ ಕೊಡ್ತೀನಿ ಅಂತ ಸರ್ವರ್. ಮದುವೆ ಊಟದಲ್ಲಿ ನೀವು ಮೊದಲು ಕೂತ್ಕೊಳ್ಳಿ, ಇಲ್ಲ ನೀವು ಮೊದಲು ಅಂತ ಎರಡು ಕಡೆಯವರೂ ನಿಂತೇ ಇರ್ತಾರಲ್ಲ, ಅದೇ ಕತೆ. ಸರ್ವರ್ ಕಾದು ಸಾಕಾಗಿ ಉತ್ತರ ಕೊಡೋವರೆಗೆ ಆನೆ ಬಂತು ಅನ್ನೋ ಒಂದೇ ಒಂದು ಸುದ್ದಿ ನಡುವೆ ಸಿಕ್ಕಿಕೊಂಡು ಕೂತಿರುತ್ತೆ. ಹಾಜರಿಯ ಹೊತ್ತಲ್ಲಿ ಹೊರೆ ಒಂದೇ ಏಟಿಗೆ ತುಂಬುತ್ತೆ, ಅದಕ್ಕೇ ಸಂಜೆ ಟೆಸ್ಟ್ ಯಾವತ್ತೂ ಪಾಸು.

"ಹಾಜರಿಗೆ ಕಾಯಿಸು, ಆನೆಗೆ ಕಾಯಿಸಬೇಡ ಅಂತ ಬರೆದರಾಯ್ತಲ್ಲ ಅಣ್ಣಾ?" ಅಂದೆ.

"ಯಾವ್ದು ಹಾಜರಿ, ಯಾವ್ದು ಆನೆ ಅಂತ ಪೆಟ್ಟಿಗೆಗೆ ಹೆಂಗ್ ಗೊತ್ತಾಗ್ಬೇಕು ಮಾ? ಗುಂಡಿ ಒಂದೇ."

ಹೌದಲ್ಲ. ಒಂದೇ ಗುಂಡಿಗೆ ಎರಡು ಕೆಲಸ ಹಚ್ಚಿ ಎರಡನ್ನೂ ಒಂದು ಮಾಡಿಬಿಟ್ಟಿದ್ದೆವು.

ಅವರಿಗೆ ಅದನ್ನ ಪೂರ್ತಿ ತೆಗೆಯೋಕೆ ಇಷ್ಟವಿರಲಿಲ್ಲ. ಕಾಯೋ ಹೊತ್ತನ್ನ ಕಡಿಮೆ ಮಾಡೋಣ ಅಂದರು. ಮಾಡಿದೆವು. ಮೊದಲ ಸಲ ಬಜರ್ ಬೇಗ ಕೂಗಿತು, ನನಗೆ ಉಸಿರು ಬಂತು. ಎರಡನೇ ಸಲ ತಡ. ಇನ್ನೂ ಕಡಿಮೆ ಮಾಡಿದೆವು. ಒಂದು ಸಲ ಬೇಗ, ಒಂದು ಸಲ ತಡ, ಇನ್ನೊಂದು ಸಲ ಪೆಟ್ಟಿಗೆ ತಾನೇ ಗೊಂದಲವಾಗಿ ಸುಮ್ಮನಾಗಿಬಿಟ್ಟಿತು. ಕಿಟಕಿಯ ಬಿಸಿಲು ಟೇಬಲ್ ಬಿಟ್ಟು ನೆಲಕ್ಕಿಳಿದಿತ್ತು.

"ತೆಗೆದುಬಿಡೋಣ ಅಣ್ಣಾ. ಎರಡೂ ಕಡೆ. ಪೂರ್ತಿ."

"ಬ್ಯಾಟರಿ ಸತ್ರೆ? ಲೇಟಾಗಿ ಕೂಗೋ ಸೈರನ್ ಬೇಕಾ, ಕೂಗ್ದೇ ಇರೋ ಸೈರನ್ ಬೇಕಾ?"

ಅವರು ಕೇಳಿದ್ದು ಸರಿಯಾಗೇ ಇತ್ತು. ಅವರು ಎದ್ದು ಕಿಟಕಿ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು. ಅಲ್ಲಿಂದಲೇ, "ಬ್ಯಾಟರಿ ತಿಂತಿರೋದು ಆನೆ ಅಲ್ಲ ಮಾ, ಹಾಜರಿ," ಅಂದರು. "ಆನೆ ಏನು ದಿನಾ ಬರುತ್ತಾ? ಹಾಜರಿ ಹೊತ್ತು ಹೊತ್ತಿಗೂ ಬರುತ್ತೆ. ಹಾಜರೀನ ಫೋನಲ್ಲಿ ತಗೊಳ್ಳೋಣ. ಗುಂಡಿ ಆನೆಗೆ ಮಾತ್ರ." ಬಂದು ಕೂತು, ತಾವು ಬರೆದ ಸಾಲುಗಳನ್ನ ತಾವೇ ಅಳಿಸೋಕೆ ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ನೋಡಿದೆ, ಆಮೇಲೆ ಸರ್ವರ್‌ನ ಕಾಯುವಿಕೆಯನ್ನ ನಾನು ತೆಗೆದೆ. ಟೇಬಲ್ ಮೇಲೆ ಒತ್ತಿ ನೋಡಿದೆವು. ಒಂದು ಒತ್ತಿದರೆ ಒಂದು ಕೂಗು, ಆಗಿಂದಾಗಲೇ. ಮತ್ತೆ ಮತ್ತೆ ಒತ್ತಿದೆ, ನಂಬಿಕೆ ಬರದೆ.

ಇನ್ನು ಗುಡ್ಡದ ಪೆಟ್ಟಿಗೆಗೆ ಇದನ್ನ ಕಳಿಸಬೇಕು. ಇಲ್ಲಿಂದಲೇ ಕಳಿಸಬಹುದು, ಆದರೆ ಪೆಟ್ಟಿಗೆ ಒಂದು ಸಲ ಆಫ್ ಆಗಿ ಆನ್ ಆಗಬೇಕು. ಆನ್ ಆಗಲಿಲ್ಲ ಅಂದರೆ ಯಾರಾದರೂ ಗುಡ್ಡ ಹತ್ತಬೇಕು. ಗುಡ್ಡದ ದಾರಿ ಇರೋದು ಆನೆ ಮಲಗಿರೋ ಆ ಜಾಲಿ ಪೊದೆ ಪಕ್ಕದಲ್ಲೇ. ಅಂದರೆ ಪೆಟ್ಟಿಗೆ ಏಳದಿದ್ದರೆ ಅವತ್ತು ಸಂಜೆ ಯಾವ ಊರಿಗೂ ಸೈರನ್ ಇಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. ಇದ್ದದ್ದೆಲ್ಲ ಹೇಳಿದೆ.

"ಇವತ್ತು ಮುಟ್ಟಬೇಡಿ," ಅಂದರು. "ನಾಳೆ ನಿಧಾನವಾಗಿ ನೋಡೋಣ. ಊರಿನವರಿಗಂತೂ ಒಂದು ಮಾತೂ ಹೇಳಬೇಡಿ. ಒಂದು ಸಲ ನಂಬಿಕೆ ಹೋದರೆ ಮತ್ತೆ ಬರಲ್ಲ."

"ಸಾರ್, ನಂಬಿದ್ದಕ್ಕೇ ಇವತ್ತು ಬೆಳಿಗ್ಗೆ ನಮ್ಮಕ್ಕ ಸಾಯ್ತಿದ್ದಳು."

"ಏನಾದರೂ ಆದರೆ ನೀವೇ ಉತ್ತರ ಕೊಡಬೇಕು," ಅಂತ ಫೋನ್ ಇಟ್ಟರು. ನಾನು ಅವರೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ಕೆಲಸ ಹೋಗುತ್ತೇನೋ ಅನ್ನೋ ಹೆದರಿಕೆ ಒಂದು ಕಡೆ, ಸಂಜೆಯ ಹೆದರಿಕೆ ಇನ್ನೊಂದು ಕಡೆ. ಸಂಜೆಯದ್ದೇ ದೊಡ್ಡದಾಗಿತ್ತು.

ಅಕ್ಕನಿಗೆ ಮಾತ್ರ ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡೋಣ ಅಂತ ಒಂದು ಕ್ಷಣ ಅನಿಸಿದ್ದೂ ನಿಜ. ಆದರೆ ಆ ಏರಿ ಮೇಲೆ ಓಡಾಡೋದು ನಮ್ಮಕ್ಕ ಒಬ್ಬಳೇನಾ? ಅವಳ ಗಾಡಿಯ ಮೈಕು ನೆನಪಾಯ್ತು.

"ಅಕ್ಕಾ, ಗಾಡಿ ತೆಗೆದು ಮೈಕಲ್ಲಿ ಒಂದು ಮಾತು ಸಾರಬೇಕು. ಇವತ್ತು ಸಂಜೆ ಸೈರನ್ ಕೆಲಸ ಮಾಡದೇ ಇರಬಹುದು, ಕೂಗಲಿಲ್ಲ ಅಂತ ಯಾರೂ ಕೆರೆ ಕಡೆ ಹೋಗಬೇಡಿ ಅಂತ."

"ನೀನ್ ಮಾಡಿರೋ ಸೈರನ್ ಕೆಟ್ಟೋಗೈತೆ ಅಂತ ನಾನ್ ಊರೂರು ಸಾರ್ಬೇಕಾ?"

"ಹೂಂ."

"ಸರಿ ಬಿಡು. ಮಾನ ನಿಂದು, ಡೀಸಲ್ ಪಂಚಾಯ್ತೀದು. ನನ್ದೇನ್ ಓಗ್ತದೆ," ಅಂತ ನಕ್ಕು ಫೋನಿಟ್ಟಳು.

ಇಟ್ಟ ಮೇಲೆ ನನಗೆ ಹೊಳೆಯಿತು. ಊರೂರು ಸುತ್ತೋಕೆ ಅವಳಿಗಿರೋದು ಅದೇ ದಾರಿ. ಬೆಳಿಗ್ಗೆ ಹೇಗೋ ಉಳಿದು ಬಂದವಳನ್ನ ಸಂಜೆ ಹೊತ್ತಲ್ಲಿ ನಾನೇ ಏರಿ ಮೇಲೆ ಕಳಿಸಿದ್ದೆ. ತಿರುಗಿ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೈಕಿನ ಗಲಾಟೆಯಲ್ಲಿ ಅವಳಿಗೆ ಫೋನ್ ಎಲ್ಲಿ ಕೇಳಬೇಕು? ಅಯ್ಯೋ, ಏನು ಮಾಡಿಕೊಂಡೆನಪ್ಪಾ ಅಂತ ತಲೆ ಚಚ್ಚಿಕೊಂಡೆ.

"ಗುಡ್ಡದ ಪೆಟ್ಟಿಗೆಗೆ ಕಳಿಸ್ಲಾ?" ಅಂದರು ಸೀನಿಯರ್. ಈಗ ಬಿಟ್ಟರೆ ಇನ್ನು ಹೊತ್ತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಕಾವಲುಗಾರರಿಗೆಲ್ಲ ಇವತ್ತು ಹಾಜರಿ ಒತ್ತಬೇಡಿ, ಆನೆ ಕಂಡರೆ ಮಾತ್ರ ಒತ್ತಿ ಅಂತ ಫೋನ್ ಮಾಡಿ ಮುಗಿಸಿದೆ. ಸೀನಿಯರ್ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಕಳಿಸಿದರು.

ಗುಡ್ಡದ ಪೆಟ್ಟಿಗೆ ಹೊಸದನ್ನ ತಗೊಂಡಿತು. ಆಫ್ ಆಯಿತು.

ಸಾಮಾನ್ಯವಾಗಿ ಅರ್ಧ ಲೋಟ ಟೀ ಮುಗಿಯೋದರೊಳಗೆ 'ಬದುಕಿದ್ದೀನಿ' ಅಂತ ಅದರಿಂದ ಸುದ್ದಿ ಬರಬೇಕು. ಬರಲಿಲ್ಲ. ಕಾದೆವು. ಹೊರಗೆ ಹಳೇ ಗಣಿ ಮಣ್ಣಿನ ಸೈನೈಡ್ ದಿಬ್ಬದ ಮೇಲಿನ ಬಿಸಿಲು ಕೆಂಪಾಯ್ತು. ಅಕ್ಕನಿಗೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಸ್ಕ್ರೀನ್ ಮೇಲೆ ಗುಡ್ಡದ ಹೆಸರಿನ ಮುಂದೆ ಕೆಂಪು ಚುಕ್ಕೆ ಹಾಗೇ ಇತ್ತು. ಮಾಲೀಕರ ಮಾತು ಕೇಳಿದ್ದರೆ ತಡವಾಗಿಯಾದರೂ ಕೂಗ್ತಿತ್ತಲ್ಲ, ಈಗ ಅದೂ ಇಲ್ಲವಲ್ಲ ಅಂತ ನನಗೆ ಅಳು ಬಂತು. ಸೀನಿಯರ್ ನನ್ನ ಕಡೆ ನೋಡಲಿಲ್ಲ.

"ಕೊಂಚ ಇರು ಮಾ. ನೆಟ್‌ವರ್ಕ್ ಹಿಡಿಯೋಕೆ ಟೈಮ್ ಆಗ್ತಿರ್ಬೇಕು ಅದಕ್ಕೆ," ಅಂದರು. ಆಮೇಲೆ, ಯಾರಿಗೂ ಅಲ್ಲ ಅನ್ನೋ ಹಾಗೆ, "ಎದ್ದೇಳು ಸಾಮಿ, ಎದ್ದೇಳು," ಅಂದರು.

ಚುಕ್ಕೆ ಹಸಿರಾಯ್ತು.

ಇಬ್ಬರೂ ಖುಷಿಪಡಲಿಲ್ಲ, ಆ ಧೈರ್ಯ ಇರಲಿಲ್ಲ. ಒಬ್ಬನೇ ಒತ್ತಿದರೆ ಕೂಗುತ್ತಾ ಅಂತ ನೋಡಬೇಕಿತ್ತು. ಕೆರೆ ಕಡೆಯ ಕಾವಲುಗಾರನಿಗೆ ಫೋನ್ ಮಾಡಿ, "ಒಂದು ಸಲ ಒತ್ತಿ ಅಣ್ಣಾ, ಟೆಸ್ಟ್ ಮಾಡಬೇಕು," ಅಂದೆ.

"ಮೇಡಂ, ಸುಮ್ಕಿರಿ." ಪಿಸುಮಾತು. "ಸ್ವಾಮಿಗಳು ಎದ್ದವ್ರೆ. ಜಾಲಿಯಿಂದ ಈಚೆ ಬತ್ತಾ ಅವ್ರೆ."

"ಒತ್ತಣ್ಣಾ! ಒತ್ತು!"

ಒತ್ತಿದ. ಸ್ಕ್ರೀನ್ ಮೇಲೆ ಸಾಲು ಮೂಡಿತು, ಗುಡ್ಡಕ್ಕೆ ಬಂತು, ಸರ್ವರ್‌ಗೆ ಬಂತು, ಸೈರನ್‌ಗೆ ಹೋಯ್ತು. ಎಲ್ಲ ಒಂದೇ ಉಸಿರಿಗೆ. ಆದರೆ ಊರಿಗಾಂನ ರೂಮಲ್ಲಿ ಕೂತವಳಿಗೆ ಅಲ್ಲಿ ಕೂಗಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಅಕ್ಕನ ನಂಬರ್ ಒತ್ತಿದೆ. ಬೆರಳು ಜಾರಿ ಬೇರೆ ಯಾರಿಗೋ ಹೋಯ್ತು, ಕಟ್ ಮಾಡಿ ಮತ್ತೆ ಒತ್ತಿದೆ.

ಎತ್ತಿದಳು. ಅವಳ ದನಿಗೆ ಮುಂಚೆ ಸೈರನ್ ಕೇಳಿಸಿತು. ಉದ್ದಕ್ಕೆ, ಬಿಡದೆ.

"ಎಲ್ಲಿದ್ದೀಯಾ?" ಕಿರುಚಿದೆ.

"ಏರಿ ಕೆಳಗೆ. ಇನ್ನೇನು ಗಾಡಿ ಹತ್ತಿಸ್ಬೇಕು, ಕೂಗ್ತು. ನಿಲ್ಲಿಸ್ದೆ. ರಿವರ್ಸ್ ತಗೊಂಡು ಮರದ ಮರೆಗೆ ಬಂದಿವ್ನಿ." ಈ ಸಲ ನಗು ಇರಲಿಲ್ಲ. ಆಮೇಲೆ ದನಿ ಇಳಿಸಿ, "ಬಂದ್ರು ಕಣೇ," ಅಂದಳು.

ಫೋನ್ ಕಿವಿಗೆ ಒತ್ತಿಕೊಂಡೆ. ಸೈರನ್ ನಿಂತಿತ್ತು. ಕೊಂಬೆ ಮುರಿಯೋ ಸದ್ದು. ಅಕ್ಕನ ಉಸಿರು. ಒಂದು ಕಲ್ಲು ಉರುಳಿ ಬಿದ್ದ ಸದ್ದು. ಮತ್ತೆ ಅಕ್ಕನ ಉಸಿರು. ಆ ಉಸಿರು ಕೇಳಿಸ್ತಿರೋವರೆಗೂ ಅವಳಿಗೇನೂ ಆಗಿಲ್ಲ ಅಂದುಕೊಂಡು ಕೇಳ್ತಾ ನಿಂತೆ. ಸೀನಿಯರ್ ನನ್ನ ಮುಖವನ್ನೇ ನೋಡ್ತಾ ನಿಂತಿದ್ದರು.

"ದಾಟಿದ್ರು," ಅಂದಳು ಕೊನೆಗೆ. "ಎಲ್ಲಾ ಮ್ಯಾಲಕ್ಕೆ ಓದ್ರು. ಮರೀನೂವೆ."

ದಾಟಿದವು ಅಂತ ಸೀನಿಯರ್‌ಗೆ ಸನ್ನೆ ಮಾಡಿದೆ. ಅವರು ಎದ್ದು ಹೊರಗೆ ಹೋದರು, ನಲ್ಲಿ ಬಿಟ್ಟು ಮುಖ ತೊಳೆಯೋ ಸದ್ದು ಬಂತು.

"ಸರಿ ಮಾಡ್ಬಿಟ್ರೇನೇ?" ಅಂದಳು ಅಕ್ಕ.

"ಮಾಡಿದ್ವಿ ಅಕ್ಕಾ."

"ಅಂಗಾದ್ರೆ ಇನ್ಮ್ಯಾಲೆ ನಂಬ್ಬೋದಾ?"

ಹೂಂ ಅನ್ನೋಕೆ ಬಾಯಿ ತೆರೆದೆ. ಇಡೀ ದಿನ ಒದ್ದಾಡಿದ್ದು ಆ ಒಂದು ಹೂಂಗೇ ಅಲ್ಲವಾ? ಆದರೆ ನಾಳೆ ಮೋಡ ಮುಚ್ಚಬಹುದು, ಬ್ಯಾಟರಿ ಸಾಯಬಹುದು, ಕಾವಲುಗಾರ ನಿದ್ದೆ ಹೋಗಬಹುದು. ನಾವು ಇನ್ನೊಂದು ಜಾಣತನ ಮಾಡಬಹುದು.

"ಕೂಗಿದರೆ ನಂಬು ಅಕ್ಕಾ," ಅಂದೆ. "ಸುಮ್ಮನಿದ್ದರೆ ನಂಬಬೇಡ."

ಆ ಕಡೆ ಗಾಡಿ ಸ್ಟಾರ್ಟ್ ಆದ ಸದ್ದು ಬಂತು.

"ಅಂದ್ರೆ ಮೊದ್ಲಿನಂಗೇ ಎದ್ರಿಕೊಂಡೇ ಓಡಾಡು ಅಂತೀಯ."

"ಹೂಂ ಅಕ್ಕಾ," ಅಂದೆ. "ಹೆದರಿಕೊಂಡೇ ಓಡಾಡು."